ನುರಿತವರೂ ಹೊಸಬರೂ ಇರುವ ಗುಂಪು ಸ್ಕೀಯಿಂಗ್‌ಗೆ ಹೋದಾಗ ಎಲ್ಲಿ ತಂಗಬೇಕು?

ಊರನ್ನು ಹೊಸಬರಿಗಾಗಿ ಆರಿಸಿ. ನುರಿತವರು ಲಿಫ್ಟ್ (ಬೆಟ್ಟದ ಮೇಲಕ್ಕೆ ಒಯ್ಯುವ ತಂತಿ ಬಂಡಿ) ಹತ್ತಿ ತಮಗೆ ಬೇಕಾದ ಇಳಿಜಾರನ್ನು ಹೇಗೂ ಹುಡುಕಿಕೊಳ್ಳುತ್ತಾರೆ. ಯುರೋಪಿನ ಸ್ಕೀ ನಕ್ಷೆಗಳಲ್ಲಿ ನೀಲಿ ಹಾದಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ. ಫ್ರಾನ್ಸಿನಲ್ಲಿ ನೀಲಿಗಿಂತ ಸುಲಭವಾದ ಹಸಿರೂ ಇದೆ. ಒಟ್ಟು ಎಷ್ಟು ಕಿಲೋಮೀಟರ್ ಹಾದಿ ಎಂಬ ಜಾಹೀರಾತು ಬದಿಗಿರಲಿ; ಬೆಟ್ಟದ ಮೇಲಿನಿಂದ ನೀವು ತಂಗುವ ಊರಿನವರೆಗೂ ನೀಲಿ ಹಾದಿ ಇದೆಯೇ ನೋಡಿ. ಇಲ್ಲದಿದ್ದರೆ ದಣಿದ ಹೊಸಬರು ಸಂಜೆ ಕೆಂಪು ಹಾದಿಯಲ್ಲಿ ಇಳಿಯಬೇಕು, ಇಲ್ಲವೇ ಲಿಫ್ಟ್‌ನಲ್ಲೇ ಮರಳಬೇಕು.

ನನ್ನ ಆಯ್ಕೆ ಫ್ರಾನ್ಸಿನ ಮೆರಿಬೆಲ್. ಸುಮಾರು 600 ಕಿ.ಮೀ. ಹಾದಿಗಳಿರುವ ತ್ರೀ ವ್ಯಾಲೀಸ್ ಪ್ರದೇಶದ ನಡುವಿನ ಕಣಿವೆಯಿದು. ಅಲ್ಲಿನ ಆಲ್ಟಿಪೋರ್ಟ್ (ಬೆಟ್ಟದ ಮೇಲಿನ ಸಣ್ಣ ವಿಮಾನ ನಿಲ್ದಾಣ) ಬಳಿ ಹಸಿರು ಇಳಿಜಾರುಗಳಿವೆ, ನುರಿತವರು ಎರಡೂ ಬದಿಯ ಕಣಿವೆಗಳಿಗೆ ದಾಟಬಹುದು. ಅಗ್ಗವಲ್ಲ, ನಿಜ. ಹೊಸಬರಿಗೆ ಇಡೀ ಪ್ರದೇಶದ ಲಿಫ್ಟ್ ಪಾಸ್ ಕೊಳ್ಳಬೇಡಿ, ಮೆರಿಬೆಲ್ ಕಣಿವೆಯದ್ದೇ ಸಾಕು.