ಬ್ಯಾಂಕಾಕ್‌ ಎಟಿಎಂ ಮುಂದೆ ನಿಲ್ಲುವ ಮುಂಚೆ

ತುಮಕೂರಿಂದ ಮೊದಲ ಸಲ ಥಾಯ್ಲೆಂಡ್‌ಗೆ ಹೊರಟಿದ್ದೀನಿ, ಇಲ್ಲಿನ ಡೆಬಿಟ್ ಕಾರ್ಡಲ್ಲೇ ಅಲ್ಲಿ ಕ್ಯಾಶ್ ತೆಗೆದರೆ ತುಂಬಾ ಕಟ್ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತದೆ. ನಾನೂ ತುಮಕೂರಿನ ಬಟವಾಡಿಯವನೇ, ಹೋಗಿ ಕೈ ಸುಟ್ಟುಕೊಂಡು ಬಂದವನು.

ಊರಲ್ಲಿ ಎಂ.ಜಿ. ರಸ್ತೆ ಎಟಿಎಂನಲ್ಲಿ ಸಾವಿರ, ಐನೂರು ಅಂತ ತೆಗೆಯುವ ಅಭ್ಯಾಸ ಅಲ್ವಾ, ಅಲ್ಲೂ ಹಾಗೇ ಸುಮ್ನೆ 5,000 ಬಾತ್ (ಅಲ್ಲಿನ ದುಡ್ಡು) ತೆಗೆದೆ. ಆ ಎಟಿಎಂನವರ ಚಾರ್ಜು 220 ಬಾತ್. ನಮ್ಮ ಬ್ಯಾಂಕಿನದು ಪ್ರತಿ ಸಲಕ್ಕೆ 150 ರೂಪಾಯಿ, ಜತೆಗೆ 3.5% ಮಾರ್ಕಪ್ ಅಂದರೆ ಹೊರದೇಶದ ದುಡ್ಡಿಗೆ ಬದಲಿಸುವ ಚಾರ್ಜು, ಎರಡಕ್ಕೂ 18% ಜಿಎಸ್‌ಟಿ. ಬಾತ್‌ಗೆ ಎರಡೂವರೆ ರೂಪಾಯಿ ಹಿಡಿದರೂ ಹನ್ನೆರಡೂವರೆ ಸಾವಿರಕ್ಕೆ 1,250 ರೂಪಾಯಿಗಿಂತ ಜಾಸ್ತಿ ಚಾರ್ಜಿಗೇ ಹೋಯಿತು. ಹೀಗೇ ನಾಲ್ಕು ಸಲ ತೆಗೆದರೆ ಐದು ಸಾವಿರ, ಅದೇ 20,000 ಬಾತ್ ಒಂದೇ ಸಲ ತೆಗೆದರೆ ಸುಮಾರು 2,800. ತೆಗೆಯಲೇಬೇಕಾದರೆ ಒಂದೇ ಸಲ ತೆಗೆಯಿರಿ.

ಇನ್ನೊಂದು ಮೋಸ ಸ್ಕ್ರೀನಿನಲ್ಲೇ ಇರುತ್ತದೆ. ನೋಟು ಬರುವ ಮುಂಚೆ ಲೆಕ್ಕವನ್ನು ರೂಪಾಯಿಯಲ್ಲೇ ತೋರಿಸಿ, ಈ ರೇಟಿಗೆ ಒಪ್ಪುತ್ತೀರಾ ಅಂತ ಕೇಳುತ್ತದೆ. ನಮ್ಮ ರೂಪಾಯಿ ಕಂಡ ಖುಷಿಗೆ ಒತ್ತಿಬಿಡಬೇಡಿ, ಅದು ಅವರಿಗೆ ಅನುಕೂಲವಾದ ರೇಟು. 'ಡಿಕ್ಲೈನ್ ಕನ್ವರ್ಷನ್' ಒತ್ತಬೇಕು. ವ್ಯವಹಾರವೇ ಕ್ಯಾನ್ಸಲ್ ಆಗುತ್ತದೇನೋ ಅಂತ ನನಗೆ ಭಯವಾಗಿ ಒಂದು ನಿಮಿಷ ಹಾಗೇ ನಿಂತಿದ್ದೆ, ಹಿಂದೆ ಕ್ಯೂ ಬೇರೆ. ಏನೂ ಆಗಲ್ಲ, ದುಡ್ಡು ಬರುತ್ತದೆ. ಅಂಗಡಿಯಲ್ಲಿ ಕಾರ್ಡ್ ಉಜ್ಜುವಾಗಲೂ ಬಾತ್‌ನಲ್ಲೇ ಹಾಕಿ ಅನ್ನಿ.

ಈಗ ಹೋದರೆ ನಾನು ಡಾಲರ್ ನೋಟು ಒಯ್ಯುತ್ತೇನೆ. ಬೆಂಗಳೂರಲ್ಲಿ ಹೊರದೇಶದ ದುಡ್ಡು ಮಾರುವ ಲೈಸೆನ್ಸ್ ಇರುವ ಕಡೆ ಪಾಸ್‌ಪೋರ್ಟ್, ಟಿಕೆಟ್ ತೋರಿಸಿ ಕೊಳ್ಳಬಹುದು, ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ನಗದು ಸಿಗುತ್ತದೆ. ಮೂರು ನಾಲ್ಕು ಕಡೆ ಫೋನ್ ಮಾಡಿ ಚೌಕಾಸಿ ಮಾಡಿ, ರೇಟು ಇಳಿಸುತ್ತಾರೆ. ಹರಿಯದ, ಗೀಚಿರದ 100 ಡಾಲರ್ ನೋಟೇ ಕೇಳಿ, ಚಿಲ್ಲರೆ ನೋಟಿಗೆ ಅಲ್ಲಿ ಕಡಿಮೆ ಕೊಡುತ್ತಾರೆ. ಸುವರ್ಣಭೂಮಿ ಏರ್‌ಪೋರ್ಟಲ್ಲಿ ಇಳಿದ ಕೂಡಲೇ ಎದುರಾಗುವ, ಡಾಲರ್‌ಗೆ ಬಾತ್ ಕೊಡುವ ಕೌಂಟರ್ ಬಿಟ್ಟು, ಕೆಳಗೆ ರೈಲು ಹತ್ತುವ ಅಂತಸ್ತಿಗೆ ಹೋಗಿ, ಅಲ್ಲಿ ರೇಟು ಚೆನ್ನಾಗಿರುತ್ತದೆ.

ಫಾರೆಕ್ಸ್ ಕಾರ್ಡ್ (ಮೊದಲೇ ಹೊರದೇಶದ ದುಡ್ಡು ತುಂಬಿಸಿಕೊಳ್ಳುವ ಕಾರ್ಡ್) ತಗೊಂಡರೂ ಆ ಎಟಿಎಂ ಚಾರ್ಜು ತಪ್ಪಲ್ಲ, ಅಲ್ಲಿನ ಎಟಿಎಂ ಅದನ್ನು ಹೊರದೇಶದ ಕಾರ್ಡ್ ಅಂತಲೇ ನೋಡುತ್ತದೆ. ಕ್ರೆಡಿಟ್ ಕಾರ್ಡಿಂದ ಕ್ಯಾಶ್ ಮಾತ್ರ ಬೇಡವೇ ಬೇಡ, ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ.

ಡೆಬಿಟ್ ಕಾರ್ಡ್ ತುರ್ತಿಗೆ ಜೇಬಲ್ಲಿರಲಿ. 2020ರಿಂದ ಹೊಸ ಕಾರ್ಡುಗಳಲ್ಲಿ ಹೊರದೇಶದ ಬಳಕೆ ಆಫ್ ಆಗಿಯೇ ಬರುತ್ತದೆ, ಆರ್‌ಬಿಐ ನಿಯಮ. ಹೊರಡುವ ಮುಂಚೆ ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿ, ಬಂದ ಮೇಲೆ ಆಫ್ ಮಾಡಿ. ನನಗೆ ಅದು ನೆನಪಾಗಿದ್ದು ವಾಪಸ್ ಬರುತ್ತಾ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಕೂತಾಗ.