ಲೇಖನದ ಶೀರ್ಷಿಕೆಯಲ್ಲಿರುವ ಪದಗಳನ್ನೇ ಕೀವರ್ಡ್ ಆಗಿ ಕೊಡಬಹುದೇ?

ಶೀರ್ಷಿಕೆಯ ಪದಗಳನ್ನೇ ಕೀವರ್ಡ್ ಮಾಡು ಅಂತ ನಿಮ್ಮ ಗೈಡ್ ಹೇಳುತ್ತಾರೆ, ಅವನ್ನು ಮತ್ತೆ ಹಾಕಬೇಡಿ ಅಂತ ಜರ್ನಲ್‌ನ ಸೂಚನೆಯಲ್ಲಿದೆ, ಯಾರ ಮಾತು ಕೇಳಲಿ ಅಂತ ಕೇಳಿದ್ದೀರಿ. ಕಳಿಸುವುದು ಜರ್ನಲ್‌ಗೆ ತಾನೇ, ಅವರ ಮಾತೇ ಕೇಳಿ. ಆದರೆ ಗೈಡ್ ಹೇಳಿದ್ದರಲ್ಲೂ ಹುರುಳಿಲ್ಲದೆ ಇಲ್ಲ. ನಾನು ಲೈಬ್ರರಿಯಲ್ಲಿ ಕೂತು ಸಂಶೋಧನಾ ವಿದ್ಯಾರ್ಥಿಗಳಿಗೆ ಲೇಖನ ಹುಡುಕಿಕೊಡುವವನು, ಹುಡುಕುವವರ ಕಡೆಯಿಂದ ಹೇಳುತ್ತೇನೆ.

ವೆಬ್ ಆಫ್ ಸೈನ್ಸ್, ಸ್ಕೋಪಸ್ ಥರದ ಸಂಶೋಧನಾ ಲೇಖನಗಳ ಡೇಟಾಬೇಸ್‌ಗಳಲ್ಲಿ ನಾವು ಸಾಮಾನ್ಯವಾಗಿ ಹುಡುಕುವಾಗ ಶೀರ್ಷಿಕೆ, ಸಾರಾಂಶ, ಕೀವರ್ಡ್ ಮೂರನ್ನೂ ಅದು ಒಟ್ಟಿಗೇ ಜಾಲಾಡುತ್ತದೆ. ಶೀರ್ಷಿಕೆಯಲ್ಲಿ ಆಗಲೇ ಇರುವ ಪದವನ್ನು ಕೀವರ್ಡ್‌ನಲ್ಲೂ ಬರೆದರೆ ಹೊಸದಾಗಿ ಒಬ್ಬ ಓದುಗನೂ ಸಿಗುವುದಿಲ್ಲ. ಇರುವುದೇ ಐದಾರು ಕೀವರ್ಡ್‌ಗೆ ಜಾಗ.

ಉದಾಹರಣೆಗೆ, ‘ಶಿವಮೊಗ್ಗ ಜಿಲ್ಲೆಯಲ್ಲಿ ಕ್ಯಾಸನೂರು ಫಾರೆಸ್ಟ್ ಡಿಸೀಸ್: ಒಂದು ಸಮೀಕ್ಷೆ’ ಅಂತ ಇಂಗ್ಲಿಷಿನಲ್ಲಿ ಒಂದು ಲೇಖನ ಬರೆದಿದ್ದೀರಿ ಅಂದುಕೊಳ್ಳಿ. ಕೀವರ್ಡ್ ಕೇಳಿದಾಗ ಕ್ಯಾಸನೂರು ಫಾರೆಸ್ಟ್ ಡಿಸೀಸ್, ಶಿವಮೊಗ್ಗ, ಸಮೀಕ್ಷೆ ಅಂತ ಬರೆದು ಮುಗಿಸಿದಿರಿ. ಈಗ ಈ ಕಾಯಿಲೆಯನ್ನು ‘ಮಂಕಿ ಫೀವರ್’ ಅಂತ ಹುಡುಕುವವರಿದ್ದಾರೆ, ‘ಕೆಎಫ್‌ಡಿ’ ಅಂತ ಹುಡುಕುವವರಿದ್ದಾರೆ. ಇದನ್ನು ಹರಡುವ ಉಣುಗುಗಳ ಮೇಲೆ ಕೆಲಸ ಮಾಡುವವರು ಆ ಉಣುಗಿನ ವೈಜ್ಞಾನಿಕ ಹೆಸರು ಹಿಡಿದು ‘ಹೀಮಾಫೈಸಾಲಿಸ್ ಸ್ಪಿನಿಜೆರಾ’ ಅಂತಲೇ ಹುಡುಕುವುದು. ವೈರಾಣು ತಜ್ಞರು ಈ ವೈರಾಣು ಸೇರುವ ಗುಂಪಿನ ಹೆಸರು ‘ಫ್ಲೇವಿವೈರಸ್’ ಅಂತ ಹಾಕುತ್ತಾರೆ. ಇಷ್ಟೇ ಅಲ್ಲ: ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಈ ರೋಗ ಪತ್ತೆಯಾಗಿದ್ದು 1957ರಲ್ಲಿ, ಶಿವಮೊಗ್ಗದ ಇಂಗ್ಲಿಷ್ ಹೆಸರು ಅಧಿಕೃತವಾಗಿ ‘ಶಿವಮೊಗ್ಗ’ ಆಗಿದ್ದು 2014ರಲ್ಲಿ. ನಡುವಿನ ಐವತ್ತು ಚಿಲ್ಲರೆ ವರ್ಷದ ಲೇಖನಗಳಲ್ಲಿ ಇರುವುದು ‘ಶಿಮೊಗ’. ಹಳೆಯ ಲೇಖನ ಓದಿ ಅದೇ ಹೆಸರಿನಲ್ಲಿ ಹುಡುಕುವವನಿಗೆ ನಿಮ್ಮದು ಸಿಗದೇ ಹೋಗಬಹುದು. ಇವೆಲ್ಲ ಸಾರಾಂಶದಲ್ಲೂ ಬಂದಿಲ್ಲ ಅಂದರೆ ಕೀವರ್ಡ್ ಬಿಟ್ಟು ಬೇರೆ ಬಾಗಿಲಿಲ್ಲ. ‘ಸಮೀಕ್ಷೆ’ಯನ್ನು ಮಾತ್ರ ದಯವಿಟ್ಟು ತೆಗೆದುಹಾಕಿ, ಅದೊಂದನ್ನೇ ಯಾರೂ ಹುಡುಕುವುದಿಲ್ಲ.

ಶೀರ್ಷಿಕೆ ವಿಷಯವನ್ನೆಲ್ಲ ಹೇಳಿಬಿಡುತ್ತದೆ ಅನ್ನುವ ನಂಬಿಕೆ ಹಳೆಯದು. 1950ರ ದಶಕದ ಕೊನೆಯಲ್ಲಿ ಐಬಿಎಂ ಕಂಪನಿಯ ಹ್ಯಾನ್ಸ್ ಪೀಟರ್ ಲೂನ್ ರೂಪಿಸಿದ ಕ್ವಿಕ್ (ಕೀ ವರ್ಡ್ ಇನ್ ಕಾಂಟೆಕ್ಸ್ಟ್) ಸೂಚಿ ನಿಂತಿದ್ದೇ ಅದರ ಮೇಲೆ. ಶೀರ್ಷಿಕೆಯ ಒಂದೊಂದು ಮುಖ್ಯ ಪದವನ್ನೂ ಕಂಪ್ಯೂಟರ್ ಅಕಾರಾದಿಯಲ್ಲಿ ಜೋಡಿಸಿಕೊಡುತ್ತಿತ್ತು. ರಸಾಯನಶಾಸ್ತ್ರಕ್ಕೆ ಇದು ಚೆನ್ನಾಗಿಯೇ ಒಗ್ಗಿತು, ಅಲ್ಲಿ ಶೀರ್ಷಿಕೆಯಲ್ಲೇ ಸಂಯುಕ್ತದ ಹೆಸರಿರುತ್ತದೆ. ಆದರೆ ಡಿಎನ್‌ಎ ರಚನೆ ಕುರಿತ ವಾಟ್ಸನ್ ಮತ್ತು ಕ್ರಿಕ್‌ರ 1953ರ ಲೇಖನದ ಶೀರ್ಷಿಕೆಯಲ್ಲಿ ‘ಡಬಲ್ ಹೀಲಿಕ್ಸ್’ ಇಲ್ಲ, ‘ಜೀನ್’ ಕೂಡ ಇಲ್ಲ. ಇನ್ನು ನಮ್ಮ ಸಾಹಿತ್ಯ ವಿಭಾಗದವರ ಶೀರ್ಷಿಕೆಗಳೋ, ಕವಿತೆಯ ಸಾಲೊಂದು ಮೊದಲು, ವಿಷಯ ಏನು ಅನ್ನುವುದು ಕೋಲನ್ ಆದಮೇಲೆ. ಅಂಥ ಕಡೆ ಕೀವರ್ಡ್‌ಗೆ ಕೆಲಸ ಜಾಸ್ತಿ.

ಡೇಟಾಬೇಸ್‌ನವರೂ ಬರೀ ಲೇಖಕರನ್ನು ನೆಚ್ಚಿಕೊಂಡಿಲ್ಲ. ವೆಬ್ ಆಫ್ ಸೈನ್ಸ್‌ನ ‘ಕೀವರ್ಡ್ಸ್ ಪ್ಲಸ್’ ನಿಮ್ಮ ಶೀರ್ಷಿಕೆಯಿಂದ ಬರುವುದಲ್ಲ, ನೀವು ಉಲ್ಲೇಖಿಸಿದ ಲೇಖನಗಳ ಶೀರ್ಷಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ಪದಗಳನ್ನು ಯಂತ್ರ ಹೆಕ್ಕಿದ್ದು. ಸಂಬಂಧವಿಲ್ಲದ ಪದ ಬಂದು ಕೂತರೂ ನೀವೇನೂ ಮಾಡುವ ಹಾಗಿಲ್ಲ.

ಗೈಡ್ ಮಾತಿಗೆ ಬರುತ್ತೇನೆ. ಈಗೀಗ ವಿಒಎಸ್‌ವ್ಯೂವರ್ ಅನ್ನುವ ಸಾಫ್ಟ್‌ವೇರ್ ಇಟ್ಟುಕೊಂಡು ಒಂದೊಂದು ಕ್ಷೇತ್ರದಲ್ಲಿ ಯಾವ ವಿಷಯಗಳ ಮೇಲೆ ಎಷ್ಟು ಕೆಲಸ ಆಗಿದೆ ಅನ್ನುವ ನಕ್ಷೆ ಬಿಡಿಸುವವರು ಬಹಳ ಮಂದಿ. ಅವರಲ್ಲಿ ಎಷ್ಟೋ ಜನ ತೆಗೆದುಕೊಳ್ಳುವುದು ಲೇಖಕರು ಕೊಟ್ಟ ಕೀವರ್ಡ್ ಮಾತ್ರ. ಮುಖ್ಯ ವಿಷಯ ಅಲ್ಲಿ ಇಲ್ಲದಿದ್ದರೆ ಆ ನಕ್ಷೆಯಲ್ಲಿ ಅದರ ಲೆಕ್ಕಕ್ಕೆ ನಿಮ್ಮ ಲೇಖನ ಬರುವುದೇ ಇಲ್ಲ. ಹಾಗಾಗಿ ಜರ್ನಲ್‌ನವರು ಒಪ್ಪಿದರೆ ಶೀರ್ಷಿಕೆಯಿಂದ ಒಂದು ಪದ, ಹೆಚ್ಚೆಂದರೆ ಎರಡು, ಇರಲಿ. ಒಪ್ಪುವುದೇ ಇಲ್ಲ ಅಂದರೆ ಶೀರ್ಷಿಕೆಯಲ್ಲಿ ಪೂರ್ಣ ಹೆಸರು ಇಟ್ಟು ಕೀವರ್ಡ್‌ನಲ್ಲಿ ‘ಕೆಎಫ್‌ಡಿ’ ಥರದ ಸಂಕ್ಷಿಪ್ತ ರೂಪ ಕೊಡಿ. ಎಡಿಟರ್ ತಕರಾರು ತೆಗೆಯಲಿಕ್ಕಿಲ್ಲ, ಗೈಡ್ ಕೂಡ.