ಜಾನರ್ ಯಾವುದಾದ್ರೂ ಸರಿ, ನನ್ನ ಪಾಡಿಗೆ ನಾನು ನೋಡೋಕೆ ಬಿಡಬೇಕು

ಬೇರೆ ಬೇರೆ ಜಾನರ್‌ಗಳಲ್ಲಿ, ಅಂದ್ರೆ ಕಾಮಿಡಿ, ಥ್ರಿಲ್ಲರ್ ಥರದ ಬಗೆಗಳಲ್ಲಿ, ಯಾವ ಸಿನಿಮಾ, ಯಾವ ಡೈರೆಕ್ಟರ್ ಇಷ್ಟ, ಯಾಕೆ ಅಂತ ಕೇಳಿದೀರಿ. ಯಾಕೆ ಅನ್ನೋದನ್ನ ಮೊದಲು ಹೇಳ್ಬಿಡ್ತೀನಿ. ಇಲ್ಲಿ ಅಳಿ, ಇಲ್ಲಿ ವಿಷಲ್ ಹೊಡೀರಿ ಅಂತ ಮ್ಯೂಸಿಕ್ ಹಾಕಿ ಹೇಳ್ಕೊಡೋ ಸಿನಿಮಾ ನನಗೆ ಆಗಲ್ಲ, ಎಷ್ಟೇ ದೊಡ್ಡ ಹೀರೋದ್ದಾದ್ರೂ ಅಷ್ಟೆ.

ಆ ಲೆಕ್ಕದಲ್ಲಿ ರಾಮ್ ರೆಡ್ಡಿ ಅವರ ತಿಥಿ ಸಿನಿಮಾ ನನಗೆ ಎಲ್ಲಕ್ಕಿಂತ ಮೇಲೆ, ಕಾಮಿಡಿ ಅನ್ನಿ ಡ್ರಾಮಾ ಅನ್ನಿ. ಮಂಡ್ಯ ಕಡೆ ಹಳ್ಳಿ ಜನಾನೇ ಹಾಕ್ಕೊಂಡು ಮಾಡಿದ್ದು, 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ತಗೊಂಡಿದ್ದು. ಶುರುವಲ್ಲೇ ನೂರು ದಾಟಿದ ಅಜ್ಜ ಸೆಂಚುರಿ ಗೌಡ ಬೀದೀಲಿ ಕೂತ್ಕೊಂಡು ಹೋಗೋ ಬರೋರಿಗೆಲ್ಲ ಬೈತಾ ಇರ್ತಾನೆ, ಉಚ್ಚೆಗೆ ಅಂತ ಎದ್ದು ಹೋಗ್ತಾನೆ, ಅಲ್ಲೇ ಬೀಳ್ತಾನೆ, ಮುಗೀತು. ಆಮೇಲೆ ಮೊಮ್ಮಗ ತಮ್ಮಣ್ಣನಿಗೆ ಜಮೀನಿನ ಚಿಂತೆ, ಮರಿಮಗನಿಗೆ ಕುರಿ ಕಾಯೋ ಹುಡುಗಿ ಚಿಂತೆ, ಮಗ ಗಡ್ಡಪ್ಪನಿಗೆ ಯಾವ ಚಿಂತೆನೂ ಇಲ್ಲ, ಬಾಟ್ಲಿ ಹಿಡ್ಕೊಂಡು ನಡೀತಾನೇ ಇರ್ತಾನೆ. ಈ ಗಡ್ಡಪ್ಪ ಒಂದು ರಾತ್ರಿ ಕುರಿಗಾಹಿಗಳ ಜೊತೆ ಬೆಂಕಿ ಮುಂದೆ ಕೂತು ತನ್ನ ಹಳೇ ಕಥೆ ಹೇಳ್ತಾನೆ ನೋಡಿ, ದನಿ ಏರಲ್ಲ, ಕಣ್ಣೀರಿಲ್ಲ, ಬೇರೆಯವರ ಮನೆ ವಿಷಯ ಹೇಳೋ ಹಾಗೆ ಹೇಳ್ತಾನೆ. ಏನು ಕಥೆ ಅಂತ ಇಲ್ಲಿ ಬರೆಯಲ್ಲ, ನೋಡದೇ ಇರೋರಿಗೆ ಅನ್ಯಾಯ ಆಗುತ್ತೆ. ಅದನ್ನ ಕೇಳಿದ್ಮೇಲೆ ಅವನು ಯಾಕೆ ಊರಲ್ಲಿ ನಿಲ್ಲಲ್ಲ, ಅಪ್ಪ ಸತ್ರೂ ಯಾಕೆ ಅಳ್ಲಿಲ್ಲ ಅನ್ನೋದು ನಮಗೇ ಹೊಳೆಯುತ್ತೆ.

ಗ್ಯಾಂಗ್‌ಸ್ಟರ್ ಜಾನರ್‌ನಲ್ಲಿ ರಾಜ್ ಬಿ ಶೆಟ್ಟಿ ಅವರ ಗರುಡ ಗಮನ ವೃಷಭ ವಾಹನ (2021). ಮಳೇಲಿ ರೌಡಿ ಶಿವ ಕುಣಿಯೋ ಸೀನ್, ಹಿಂದೆ ಬರೋದು ಮಾದೇವನ ಮೇಲಿನ ಸೋಜುಗಾದ ಸೂಜುಮಲ್ಲಿಗೆ ಹಾಡು, ಭಕ್ತಿ ಹಾಡು ಕೇಳ್ತಾ ಮೈ ನಡುಗಿದ್ದು ನನಗೆ ಅದೇ ಮೊದಲು. ಅದೇ ಶಿವ ಓಣಿ ಹುಡುಗರ ಜೊತೆ ಕ್ರಿಕೆಟ್ ಆಡೋವಾಗ ಮಗು ಥರ ಇರ್ತಾನೆ. ಇವನು ಒಳ್ಳೇವನಾ ಕೆಟ್ಟವನಾ ಅಂತ ಡೈರೆಕ್ಟರ್ ಎಲ್ಲೂ ತೀರ್ಪು ಕೊಡಲ್ಲ.

ರಕ್ಷಿತ್ ಶೆಟ್ಟಿ ಅವರ ಉಳಿದವರು ಕಂಡಂತೆ (2014) ಅರ್ಥ ಆಗಲ್ಲ ಅಂತ ತುಂಬಾ ಜನ ಹೇಳ್ತಾರೆ, ಥಿಯೇಟರ್‌ನಲ್ಲೂ ಓಡ್ಲಿಲ್ಲ. ನಾನು ಒಪ್ಪಲ್ಲ. ಒಂದೇ ಘಟನೇನ ಐದಾರು ಜನ ಅವರವರಿಗೆ ಕಂಡಂಗೆ ಹೇಳ್ತಾರೆ ಅಷ್ಟೇ, ನಮ್ಮೂರಲ್ಲಿ ಒಂದು ಜಗಳ ಆದ್ರೂ ಹಂಗೇ ತಾನೇ.

ನಾನು ಹೇಳಿದ ರೂಲ್ ಪುಟ್ಟಣ್ಣ ಕಣಗಾಲ್ ಹತ್ರ ಮಾತ್ರ ನಡೆಯಲ್ಲ. ಶರಪಂಜರ (1971) ಜೋರು ಸಿನಿಮಾ, ಮ್ಯೂಸಿಕ್ ಜೋರು, ಕಲ್ಪನಾ ನಟನೆ ಜೋರು. ಆದ್ರೂ ಮಾನಸಿಕ ಕಾಯಿಲೆ ವಾಸಿಯಾಗಿ ಮನೆಗೆ ಬಂದ ಕಾವೇರೀನ (ಕಲ್ಪನಾ ಪಾತ್ರ) ಎಲ್ರೂ ಹುಚ್ಚಿ ಅನ್ನೋ ಕಣ್ಣಲ್ಲೇ ನೋಡ್ತಾರಲ್ಲ, ಅವಳು ಏನೇ ಮಾಡಿದ್ರೂ ಅದು ಹುಚ್ಚಿಗೇ ಸಾಕ್ಷಿ ಆಗುತ್ತಲ್ಲ, ಅಷ್ಟು ಸಂಕಟಕ್ಕೆ ಅಷ್ಟು ಜೋರು ಬೇಕಿತ್ತು ಅನ್ಸುತ್ತೆ. ಗೆದ್ದ ಸಿನಿಮಾ ಅಂತ ಇದರ ಜೋರನ್ನ ಕಾಪಿ ಹೊಡೆದು, ಒಳಗಿನ ಸಂಕಟ ಬಿಟ್ಟು ಮಾಡಿದ ಸಿನಿಮಾಗಳನ್ನ ನೋಡಿದ್ರೆ ನನಗೆ ನಿಜಕ್ಕೂ ಬೇಜಾರಾಗುತ್ತೆ.

ಥ್ರಿಲ್ಲರ್ ಬೇಕಂದ್ರೆ ಶಂಕರ್ ನಾಗ್ ಅವರ ಆಕ್ಸಿಡೆಂಟ್ (1985) ನೋಡಿ, ಫುಟ್‌ಪಾತಲ್ಲಿ ಮಲಗಿದ್ದವರ ಮೇಲೆ ಶ್ರೀಮಂತರ ಮಗನ ಕಾರು ಹತ್ತೋದು, ಆಮೇಲೆ ಕೇಸು ಮುಚ್ಚಿಹಾಕೋ ಆಟ. ನಲವತ್ತು ವರ್ಷ ಹಳೇದು ಅಂತ ಬಿಡಬೇಡಿ, ಇವತ್ತಿನ ಪೇಪರ್ ಓದಿದಂಗೇ ಇದೆ.